ಮೇಳಕ್ಕೂ ಮಳೆಗಾಲಕ್ಕೂ ಒದಗುವ ಗಿಟಾರ್

ಮಾನ್ಯ ಸಂಪಾದಕರೇ,

ಮೊದಲ ಬಾರಿಗೆ ಗಿಟಾರ್ ಕೊಳ್ಳುವವರಿಗೆಂದು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಕಳೆದ ವಾರ ಬಂದ ಬರಹವನ್ನು ಎರಡು ಸಲ ಓದಿದೆ. ತೆಳುವಾದ ಒಡಲು, ಒಂದು ಪಕ್ಕ ಹೆಗಲು ಕತ್ತರಿಸಿದ ಕಟ್‌ಅವೇ ಆಕಾರ, ಒಳಗೆ ದನಿಯನ್ನು ಸ್ಪೀಕರಿಗೆ ಕಳಿಸುವ ಪಿಕಪ್, ಬೆರಳು ನೋಯದ ಹಾಗೆ ಫ್ರೆಟ್ಟಿಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಅಂಟಿಕೊಂಡಂತಿರುವ ತಂತಿಗಳು, ಇಷ್ಟಿದ್ದರೆ ಯಾವ ಸಂಗೀತಕ್ಕೂ ಸಾಕೆಂದು ಅದರಲ್ಲಿ ಹೇಳಲಾಗಿತ್ತು. ಹಾಡಿಕೊಳ್ಳುತ್ತ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿಯುವವರಿಗೆ ಆ ಮಾತು ಸರಿಯೇ. ಆದರೆ ಕೊನೆಯ ಪ್ಯಾರಾದಲ್ಲಿ ಬ್ಲೂಗ್ರಾಸ್ ಹೆಸರನ್ನೂ ಸೇರಿಸಿಬಿಟ್ಟದ್ದರಿಂದ ಈ ಪತ್ರ ಬರೆಯಬೇಕಾಯಿತು. ಆ ಸಂಗೀತಕ್ಕೆ ಬೇಕಾದ ಗಿಟಾರ್ ಮೇಲೆ ಹೇಳಿದ ಒಂದೊಂದು ವಿಷಯದಲ್ಲೂ ಬೇರೆಯೇ ಆದದ್ದು. ಅಲ್ಲದೆ, ವರ್ಷದಲ್ಲಿ ನಾಲ್ಕು ತಿಂಗಳು ಮಳೆಯಲ್ಲಿ ತೋಯುವ ನಮ್ಮ ಕರಾವಳಿಯಲ್ಲಿ ಮರದ ವಾದ್ಯವೊಂದು ಹೇಗೆ ಬಾಳುತ್ತದೆ ಎಂಬ ಸುದ್ದಿಯನ್ನೇ ಆ ಬರಹ ಎತ್ತಿರಲಿಲ್ಲ.

ನಾನು ಗಿಟಾರ್ ವಾದಕನಲ್ಲ, ಮ್ಯಾಂಡೊಲಿನ್ ನುಡಿಸುವವನು. ನೆರೆಯ ಕ್ರೈಸ್ತ ಮನೆಗಳಲ್ಲಿ ಮದುವೆಗೆ ಮುನ್ನ ನಡೆಯುವ ರೋಸ್ ಸಂಜೆಗಳಲ್ಲಿ ಹಿರಿಯರ ಪಕ್ಕ ಕುಳಿತು ಕಲಿತವನು. ಈಗ ಹಲವು ವರ್ಷಗಳಿಂದ ಭಾನುವಾರ ಸಂಜೆ ನಮ್ಮ ಮನೆಯ ಚಾವಡಿಯಲ್ಲಿ ಬ್ಯಾಂಜೋ, ಪಿಟೀಲು, ಗಿಟಾರ್ ನುಡಿಸುವ ಗೆಳೆಯರೊಂದಿಗೆ ಸೇರಿ ಬ್ಲೂಗ್ರಾಸ್ ನುಡಿಸುತ್ತಿದ್ದೇನೆ. ಗಿಟಾರಿನ ನಾದ ಹೊರಡುವುದು ಎದುರಿಗೆ, ನುಡಿಸುವವನ ಕಿವಿಯ ಕಡೆಗಲ್ಲ. ಆದ್ದರಿಂದ ಅದರ ಗುಣದೋಷ ಹಿಡಿದವನಿಗಿಂತ ಎದುರು ನಿಂತವನಿಗೆ ಚೆನ್ನಾಗಿ ಗೊತ್ತಾಗುತ್ತದೆ ಎಂಬ ಧೈರ್ಯದ ಮೇಲೆ ಇಷ್ಟು ಬರೆಯುತ್ತಿದ್ದೇನೆ.

ಬ್ಲೂಗ್ರಾಸ್ ಎಂಬುದು ಅಮೆರಿಕದ ಕೆಂಟಕಿ ರಾಜ್ಯದವರಾದ ಬಿಲ್ ಮನ್ರೋ ಅವರ ಮೇಳದಿಂದ ಬೆಳೆದ ಸಂಗೀತ. ಅವರ ತಂಡದ ಹೆಸರಾದ ಬ್ಲೂ ಗ್ರಾಸ್ ಬಾಯ್ಸ್ ಎಂಬುದರಿಂದಲೇ ಅದಕ್ಕೆ ಆ ಹೆಸರು ನಿಂತಿತು. ಲೆಸ್ಟರ್ ಫ್ಲ್ಯಾಟ್ ಗಿಟಾರ್ ಹಿಡಿದಿದ್ದ ಆ ತಂಡಕ್ಕೆ 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ತಮ್ಮ ಮೂರು ಬೆರಳಿನ ಬ್ಯಾಂಜೋ ಶೈಲಿಯೊಂದಿಗೆ ಬಂದು ಸೇರಿದ ಮೇಲೆ ನಾವಿಂದು ಕೇಳುವ ರೂಪ ಅದಕ್ಕೆ ಬಂತು. ಈ ಮೇಳದಲ್ಲಿ ಡ್ರಮ್ ಇರುವುದಿಲ್ಲ. ಕೆಳದನಿಯ ದೊಡ್ಡ ಬಾಸ್ ವಾದ್ಯ ತಾಳದ ಒಂದು ಹೊಡೆತಕ್ಕೆ, ಮ್ಯಾಂಡೊಲಿನ್ ಅದರ ಎದುರಿನ ಹೊಡೆತಕ್ಕೆ ದನಿ ಕೊಟ್ಟರೆ, ಗಿಟಾರ್ ಪ್ರತಿ ಸುತ್ತಿನಲ್ಲೂ ಮೊದಲು ದಪ್ಪ ತಂತಿಯ ಒಂದು ಸ್ವರ, ಬಳಿಕ ಎಲ್ಲ ತಂತಿಗಳ ಮೇಲೊಂದು ಹೊಡೆತ ಎಂಬಂತೆ ನಡೆದು ಇವೆರಡನ್ನೂ ಬೆಸೆಯಬೇಕು. ನಮ್ಮ ಯಕ್ಷಗಾನದ ಹಿಮ್ಮೇಳ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಬ್ಯಾಂಜೋ ಎಂದರೆ ಚೆಂಡೆ, ಗಿಟಾರ್ ಎಂದರೆ ಮದ್ದಲೆ. ಚೆಂಡೆ ಎಷ್ಟೇ ಅಬ್ಬರಿಸಲಿ, ಅದರ ಕೆಳಗಿನಿಂದ ಮದ್ದಲೆಯ ನಾದ ಕೇಳಿಬರದಿದ್ದರೆ ಪದ್ಯ ನಿಲ್ಲುವುದಿಲ್ಲ. 1960ರ ದಶಕದಲ್ಲಿ ಡಾಕ್ ವಾಟ್ಸನ್, ಕ್ಲಾರೆನ್ಸ್ ವೈಟ್ ಮೊದಲಾದವರು ಪಿಟೀಲಿನ ಚುರುಕು ಮಟ್ಟುಗಳನ್ನು ಗಿಟಾರಿನಲ್ಲಿ ಪಿಕ್ ಎಂಬ ಮೀಟುವ ಬಿಲ್ಲೆ ಹಿಡಿದು ನುಡಿಸಿ ತೋರಿಸಿದ ಮೇಲೆ ಈ ವಾದ್ಯಕ್ಕೆ ಎರಡನೆಯ ಕೆಲಸವೂ ಬಂತು: ತನ್ನ ಸರದಿ ಬಂದಾಗ ಮುಂದೆ ಬಂದು ಒಂದೊಂದು ಸ್ವರವನ್ನೂ ಬಿಡಿಸಿ ಕೇಳಿಸುವುದು.

ನನ್ನ ತಪ್ಪಿನಿಂದಲೇ ಹೇಳುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಈ ವಿವೇಕ ಬರುವ ಮೊದಲು, ಮಂಗಳೂರಿನ ಅಂಗಡಿಯೊಂದರಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ತೆಳು ಒಡಲಿನ ಕಟ್‌ಅವೇ ಗಿಟಾರನ್ನು ಕಂಡು ಮರುಳಾಗಿ ಕೊಂಡು ತಂದೆ. ಮಲಗುವ ಕೋಣೆಯಲ್ಲಿ ಅದು ಜೇನಿನಂತೆ ಕೇಳಿಸುತ್ತಿತ್ತು. ಭಾನುವಾರ ಗೆಳೆಯನ ಬ್ಯಾಂಜೋ ಎದ್ದ ಕೂಡಲೇ ಅದು ಇದೆಯೋ ಇಲ್ಲವೋ ಎಂಬಂತಾಯಿತು. ಅದನ್ನು ಹಿಡಿದವನ ಕೈ ಆಡುವುದು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಪಿಕಪ್ ಇದೆಯಲ್ಲ ಎಂದು ಸ್ಪೀಕರಿಗೆ ಜೋಡಿಸಿದರೆ ರಬ್ಬರ್ ಎಳೆದು ಬಿಟ್ಟಂಥ ಸದ್ದು. ಮರುವರ್ಷದ ಜುಲೈಯಲ್ಲಿ ಅದರ ಬ್ರಿಡ್ಜ್, ಎಂದರೆ ತಂತಿಗಳ ಬುಡ ಹಿಡಿದಿರುವ ಮರದ ಪಟ್ಟಿ, ಹಿಂಬದಿಯಿಂದ ಬಾಯಿ ಬಿಟ್ಟು ಏಳತೊಡಗಿತು. ಅಂಗಡಿಯವರನ್ನು ದೂರಿ ಪ್ರಯೋಜನವಿರಲಿಲ್ಲ. ಕೇಳಿದ್ದನ್ನು ಅವರು ಕೊಟ್ಟಿದ್ದರು, ಕೇಳಬೇಕಾದ್ದನ್ನು ನಾನು ಕೇಳಿರಲಿಲ್ಲ.

ಬ್ಲೂಗ್ರಾಸ್ ವಾದಕರಲ್ಲಿ ಹೆಚ್ಚಿನವರು ಹಿಡಿಯುವುದು ಡ್ರೆಡ್‌ನಾಟ್ ಎಂಬ ಅಗಲ ಸೊಂಟದ, ಚೌಕ ಹೆಗಲಿನ ದೊಡ್ಡ ಗಿಟಾರನ್ನು. 1906ರ ಬ್ರಿಟಿಷ್ ಯುದ್ಧನೌಕೆಯೊಂದರ ಹೆಸರು ಅದು. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಎಂಬ ಮಳಿಗೆಗಾಗಿ ಮಾಡಿಕೊಟ್ಟ ಈ ಆಕಾರ, ಒಡಲಿನ ಹೊರಗೆ 14 ಫ್ರೆಟ್ಟುಗಳಿರುವ ಈಗಿನ ರೂಪಕ್ಕೆ 1934ರ ಹೊತ್ತಿಗೆ ಬಂತು. ಕೆಳಭಾಗದಲ್ಲಿ ಸುಮಾರು 40 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಆಳ. ಇಷ್ಟು ದೊಡ್ಡ ಪೆಟ್ಟಿಗೆಯೊಳಗಿನ ಗಾಳಿ ಅಲುಗಿದರೆ ಮಾತ್ರ ದಪ್ಪ ತಂತಿಯ ಸ್ವರ ಬ್ಯಾಂಜೋದ ಕೆಳಗಿನಿಂದ ತೂರಿ ಹೊರಗೆ ಬರುತ್ತದೆ. ಕಟ್‌ಅವೇ ಇದ್ದರೆ ದೋಷವೇನಿಲ್ಲ, ಆದರೆ ಈ ಸಂಗೀತದಲ್ಲಿ ಕೈ ಹೆಚ್ಚಾಗಿ ಮೊದಲ ಐದು ಫ್ರೆಟ್ಟುಗಳಲ್ಲೇ ಇರುವುದರಿಂದ ಅದಕ್ಕೆಂದು ಕೊಟ್ಟ ಹಣ ದಂಡ. ಪಿಕಪ್ಪಿನ ಮಾತೂ ಅಷ್ಟೇ. ಹಳೆಯ ಕ್ರಮದ ತಂಡಗಳು ಒಂದೇ ಮೈಕಿನ ಸುತ್ತ ನಿಂತು, ಸರದಿ ಬಂದವನು ಮುಂದೆ ಸರಿದು, ಮುಗಿಸಿ ಹಿಂದೆ ಹೋಗುತ್ತವೆ. ಅಲ್ಲಿ ವೈರಿಗೆ ಜಾಗವಿಲ್ಲ.

ಆಕಾರಕ್ಕಿಂತ ಮುಖ್ಯವಾದದ್ದು ಮೇಲ್ಹಲಗೆ. ಅದು ಒಂದೇ ಮರದ ಗಟ್ಟಿ ಹಲಗೆಯಾಗಿರಬೇಕು, ಪದರ ಅಂಟಿಸಿದ ಪ್ಲೈವುಡ್ ಆಗಿರಬಾರದು. ಚೀಟಿಯಲ್ಲಿ ಬರಿದೆ ಸ್ಪ್ರೂಸ್ ಟಾಪ್ ಎಂದಿದ್ದರೆ ಅದು ಹೆಚ್ಚಾಗಿ ಪ್ಲೈವುಡ್. ಸಾಲಿಡ್ ಎಂಬ ಪದವಿದ್ದರೆ ಮಾತ್ರ ಮುಂದಿನ ಮಾತು. ಚೀಟಿಯನ್ನು ನಂಬದವರು ನಡುವಿನ ದುಂಡು ತೂತಿನ ಅಂಚನ್ನು ಟಾರ್ಚ್ ಹಿಡಿದು ನೋಡಬಹುದು. ಮೇಲೆ ಕಾಣುವ ಮರದ ಗೆರೆಗಳು ಅಂಚಿನ ದಪ್ಪದಲ್ಲೂ ಮೇಲಿನಿಂದ ಕೆಳಕ್ಕೆ ಹಾಗೆಯೇ ಇಳಿದಿದ್ದರೆ ಗಟ್ಟಿ ಹಲಗೆ. ವಿಭೂತಿ ಪಟ್ಟೆಯ ಹಾಗೆ ಅಡ್ಡ ಪದರಗಳು ಕಂಡರೆ ಪ್ಲೈವುಡ್. ಮರವೆಂದರೆ ಸ್ಪ್ರೂಸ್. ಸೀಡರ್ ಹಲಗೆಯ ಗಿಟಾರ್ ಬೆರಳಿನಿಂದ ಮೆಲ್ಲಗೆ ಮೀಟುವವರಿಗೆ ಚೆಂದ, ಆದರೆ ದಪ್ಪ ಪಿಕ್ಕಿನಿಂದ ಬಲವಾಗಿ ಹೊಡೆದಾಗ ಒಂದು ಹಂತದ ಮೇಲೆ ಅದು ದನಿ ಏರಿಸುವುದಿಲ್ಲ, ಕದಡುತ್ತದೆ.

ಬೆನ್ನು ಮತ್ತು ಪಕ್ಕೆಗಳ ಮರದ ವಿಚಾರದಲ್ಲಿ ಬ್ಲೂಗ್ರಾಸ್ ಮಂದಿ ಎರಡು ಪಂಗಡ. ಮಾರ್ಟಿನ್ ಕಂಪನಿಯ ಡಿ-18 ಮಹಾಗನಿಯದು, ಡಿ-28 ರೋಸ್‌ವುಡ್ಡಿನದು. ಇತರ ಕಂಪನಿಗಳು ಮಾಡುವ ಬಹುಪಾಲು ಡ್ರೆಡ್‌ನಾಟ್‌ಗಳು ಈ ಎರಡರಲ್ಲಿ ಒಂದರ ನೆರಳಿನಲ್ಲಿರುತ್ತವೆ. ನಮ್ಮವರಿಗೆ ಹೇಳಲೇಬೇಕಾದ ಒಂದು ಸಂಗತಿ ಇಲ್ಲಿದೆ. 1969ರವರೆಗೆ ಡಿ-28ಕ್ಕೆ ಬ್ರೆಜಿಲಿನ ರೋಸ್‌ವುಡ್ ಬಳಕೆಯಾಗುತ್ತಿತ್ತು; ಅದು ಸಿಗುವುದು ಕಷ್ಟವಾದ ಮೇಲೆ ಕಂಪನಿ ಭಾರತದ ರೋಸ್‌ವುಡ್ಡಿಗೆ, ಎಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆಯ ಜಾತಿಗೆ ತಿರುಗಿತು. ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಮಂಚವೋ ಕಪಾಟೋ ಆಗಿ ಕಪ್ಪಗೆ ಹೊಳೆಯುತ್ತ ನಿಂತಿರುವ ಅದೇ ಮರ ಕೆಂಟಕಿಯ ಹಾಡುಗಳಿಗೆ ದನಿ ಕೊಡುತ್ತಿದೆ. ವನ್ಯಜೀವಿ ವ್ಯಾಪಾರ ಕುರಿತ ಅಂತಾರಾಷ್ಟ್ರೀಯ ಒಪ್ಪಂದದಡಿ 2017ರ ಜನವರಿಯಿಂದ ಬೀಟೆಯ ವಾದ್ಯಗಳನ್ನು ಗಡಿ ದಾಟಿಸಲು ಕಾಗದಪತ್ರ ಬೇಕಾಗಿತ್ತು. 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ಆ ಕಟ್ಟುಪಾಡು ಸಡಿಲವಾಯಿತು.

ಬೀಟೆಯ ಗಿಟಾರಿನ ಕೆಳದನಿ ಗುಡುಗಿನಂತೆ ಆಳ, ಒಂದು ಸ್ವರ ಮೀಟಿದರೆ ಅದರ ಸುತ್ತ ಇನ್ನಷ್ಟು ಸ್ವರಗಳು ಎದ್ದು ಬಹಳ ಹೊತ್ತು ನಿಲ್ಲುತ್ತವೆ. ಮಹಾಗನಿ ಒಣ ದನಿಯದು. ಹೇಳಿದ್ದನ್ನು ಹೇಳಿ ಸುಮ್ಮನಾಗುತ್ತದೆ. ದೊಡ್ಡ ಬಯಲಿನಲ್ಲಿ ಹಾಡಿಗೆ ಆಸರೆಯಾಗಿ ಬಾರಿಸುವವರು ಬೀಟೆಯನ್ನು ಮೆಚ್ಚಿದರೆ ತಪ್ಪಿಲ್ಲ. ಗಾರೆ ನೆಲದ, ಹೆಂಚಿನ ಮಾಡಿನ ನಮ್ಮ ಚಾವಡಿಗಳಲ್ಲಿ ಮಾತ್ರ ಮಹಾಗನಿಯೋ ಅದನ್ನು ಹೋಲುವ ನ್ಯಾಟೋ ಮೊದಲಾದ ಮರಗಳೋ ಮೇಲು ಎಂಬುದು ನನ್ನ ಕಿವಿಯ ತೀರ್ಪು. ಬ್ಯಾಂಜೋ ಗೆಳೆಯ ಇದನ್ನು ಒಪ್ಪುವುದಿಲ್ಲ. ಬ್ಲೂಗ್ರಾಸ್ ಗಿಟಾರಿನ ಹೆಸರಾಂತ ವಾದಕ ಟೋನಿ ರೈಸ್ ನುಡಿಸಿದ್ದು ಏನನ್ನು ಎಂದು ಪ್ರತಿ ವಾರವೂ ಕೇಳುತ್ತಾನೆ. ರೈಸ್ ಅವರ ಕೈಯಲ್ಲಿದ್ದದ್ದು ಹಿಂದೆ ಕ್ಲಾರೆನ್ಸ್ ವೈಟ್ ಅವರ ಬಳಿ ಇದ್ದ, ದುಂಡು ತೂತನ್ನು ಯಾರೋ ದೊಡ್ಡದಾಗಿ ಕೊರೆದಿದ್ದ 1935ರ ಡಿ-28. ಅದು 1993ರಲ್ಲಿ ಫ್ಲಾರಿಡಾದಲ್ಲಿ ಬಿರುಗಾಳಿಯ ನೆರೆನೀರಿನಲ್ಲಿ ಮುಳುಗಿ, ದುರಸ್ತಿಯಾಗಿ ಮತ್ತೆ ವೇದಿಕೆ ಏರಿತು. ಅಂಥ ವಾದ್ಯಕ್ಕೆ ಅಂಥ ದುರಸ್ತಿಗಾರರು ಸಿಕ್ಕರು. ನಮ್ಮ ಗಿಟಾರುಗಳಿಗೆ ಆ ಪುಣ್ಯವಿಲ್ಲದ್ದರಿಂದ ತೇವದ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಗಟ್ಟಿ ಮರದ ಗಿಟಾರ್ ಹಾಯಾಗಿರುವುದು ಗಾಳಿಯ ತೇವಾಂಶ ಶೇ. 45ರಿಂದ 55ರ ನಡುವೆ ಇದ್ದಾಗ. ಜುಲೈಯಲ್ಲಿ ನಮ್ಮ ಮನೆಯ ಗೋಡೆಯ ಮಾಪಕ 85ಕ್ಕಿಂತ ಕೆಳಗೆ ಇಳಿಯುವ ದಿನವೇ ಅಪರೂಪ. ಆಗ ಮೇಲ್ಹಲಗೆ ನೀರು ಕುಡಿದು ಬ್ರಿಡ್ಜಿನ ಹಿಂದೆ ಹೊಟ್ಟೆ ಬರುತ್ತದೆ, ತಂತಿ ಮೇಲೇಳುತ್ತದೆ, ದನಿ ಒದ್ದೆ ಬಟ್ಟೆ ಹೊದೆಸಿದಂತಾಗುತ್ತದೆ. ನನ್ನ ತಂಗಿಯ ಮಗಳ ಗಿಟಾರನ್ನು ನಾನು ಉಕ್ಕಿನ ಸ್ಕೇಲಿನಿಂದ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ: 12ನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿಯ ಎತ್ತರ ಮಾರ್ಚಿನಲ್ಲಿ 2.5 ಮಿಲಿಮೀಟರ್ ಇದ್ದದ್ದು ಜುಲೈ ಕೊನೆಗೆ 3.2 ಆಗಿತ್ತು. ಕೇಳುವುದಕ್ಕೆ ಕೂದಲೆಳೆಯ ಅಂತರ. ಎಡಗೈಗೆ ಅದೇ ದೊಡ್ಡ ಗುಡ್ಡ. ಇಂಥ ಹೊತ್ತಿನಲ್ಲಿ ತಂತಿಗಳನ್ನು ಹೊತ್ತಿರುವ ಸ್ಯಾಡಲನ್ನು ಉಜ್ಜಿ ತಗ್ಗಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಉಜ್ಜಿದರೆ ಜನವರಿಯಲ್ಲಿ ಹಲಗೆ ಮರಳಿ ಇಳಿದಾಗ ಪ್ರತಿ ತಂತಿಯೂ ಫ್ರೆಟ್ಟಿಗೆ ತಾಗಿ ಗುಂಯ್‌ಗುಡುತ್ತದೆ. ಅದಕ್ಕಿಂತ ಎರಡು ಸ್ಯಾಡಲ್ ಇಟ್ಟುಕೊಳ್ಳುವುದು ಒಳ್ಳೆಯದು, ಒಂದು ಮಳೆಗಾಲಕ್ಕೆ, ಒಂದು ಬೇಸಿಗೆಗೆ. ಬೆರಳುದ್ದದ ಮೂಳೆಯ ಚೂರು, ತಂತಿ ಬದಲಿಸುವಾಗ ಹತ್ತು ನಿಮಿಷದ ಕೆಲಸ.

ಇದೇ ಕಾರಣಕ್ಕೆ, ಲಕ್ಷಗಟ್ಟಲೆ ಹಣ ಹಾಕಿ ಪೂರ್ತಿ ಗಟ್ಟಿ ಮರದ ಗಿಟಾರ್ ತರಿಸುವ ಮೊದಲು ಕರಾವಳಿಯವರು ಎರಡು ಬಾರಿ ಯೋಚಿಸಬೇಕು. ಮೇಲ್ಹಲಗೆ ಗಟ್ಟಿ ಸ್ಪ್ರೂಸ್, ಬೆನ್ನು ಪಕ್ಕೆಗಳು ಪದರದ ಮರ ಎಂಬ ನಡುವಿನ ದಾರಿ ಇದೆ. ಪದರದ ಮರ ತೇವಕ್ಕೆ ಅಷ್ಟಾಗಿ ಉಬ್ಬುವುದಿಲ್ಲ, ದನಿಯ ಬಹುಪಾಲು ಹೇಗೂ ಮೇಲ್ಹಲಗೆಯದು. ಯಮಹಾದ ಎಫ್‌ಜಿ 800 ಈ ಬಗೆಯದು, ಅದೇ ಕಂಪನಿಯ ಎಫ್ 310ರ ಮೇಲ್ಹಲಗೆಯೂ ಪ್ಲೈವುಡ್ಡಿನದು. ಎರಡೂ ಒಂದೇ ಗೋಡೆಯಲ್ಲಿ ಅಕ್ಕಪಕ್ಕ ತೂಗುತ್ತಿರುತ್ತವೆ, ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ. ಇನ್ನೊಂದು ಸೂಕ್ಷ್ಮ: ಬೆಂಗಳೂರಿನ ಒಣ ಹವೆಯಲ್ಲಿ ಸರಿಮಾಡಿ ಕಳಿಸಿದ ಗಿಟಾರ್ ಜೂನಿನಲ್ಲಿ ಘಟ್ಟ ಇಳಿದು ಬಂದರೆ ತಲುಪಿದ ಎರಡು ವಾರದಲ್ಲೇ ಅದರ ಅಳತೆ ತಪ್ಪುತ್ತದೆ. ಕೊಳ್ಳುವುದಾದರೆ ಆಗಸ್ಟಿನಲ್ಲಿ ಊರಿನ ಅಂಗಡಿಯಲ್ಲೇ ನೋಡಬೇಕು. ಆಗ ಗಿಟಾರ್ ತನ್ನ ಅತಿ ಕೆಟ್ಟ ಅವತಾರದಲ್ಲಿರುತ್ತದೆ. ಆ ಸ್ಥಿತಿಯಲ್ಲೂ ನುಡಿಯುವಂಥದ್ದು ವರ್ಷವಿಡೀ ನುಡಿಯುತ್ತದೆ. ಮನೆಗೆ ತಂದ ಮೇಲೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್, ರೇಷ್ಮೆ ಸೀರೆಯ ಕಪಾಟಿನಲ್ಲಿ ಬೂಸ್ಟು ಹಿಡಿಯದಂತೆ ಉರಿಸಿಡುವ ಸಣ್ಣ ಬಲ್ಬಿನ ಉಪಾಯ, ಪಕ್ಕದಲ್ಲೊಂದು ತೇವಾಂಶ ಮಾಪಕ, ಇಷ್ಟಿದ್ದರೆ ನಮ್ಮಲ್ಲಿ 85 ಇದ್ದದ್ದು 65ರ ಆಸುಪಾಸಿಗೆ ಇಳಿಯುತ್ತದೆ.

ಇನ್ನು ತಂತಿ. ಬ್ಲೂಗ್ರಾಸಿಗೆ ಹೆಚ್ಚಿನವರು ಬಳಸುವುದು ಮೀಡಿಯಂ ಎನ್ನುವ, ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ 13ರಿಂದ 56ರ ದಪ್ಪದ ಫಾಸ್ಫರ್ ಬ್ರಾಂಜ್ ಜೋಡಿಯನ್ನು. ಶ್ರುತಿಗೆ ಎಳೆದಾಗ ಆ ಆರು ತಂತಿಗಳ ಒಟ್ಟು ಸೆಳೆತ 80 ಕಿಲೋ ದಾಟುತ್ತದೆ, ಒಂದೂವರೆ ಅಕ್ಕಿ ಮೂಟೆಯನ್ನು ಆ ತೆಳು ಹಲಗೆಗೆ ನೇತುಹಾಕಿದಂತೆ. ಭಾರದ ತಂತಿಗಳ ಈ ಹೊರೆಗಾಗಿಯೇ ಮಾರ್ಟಿನ್ ಕಂಪನಿ 1944ರಲ್ಲಿ ಒಳಗಿನ ಆಧಾರಪಟ್ಟಿಗಳನ್ನು ಕೆತ್ತಿ ಹಗುರ ಮಾಡುವ ಪದ್ಧತಿಯನ್ನು ಬಿಟ್ಟು, 1976ರಲ್ಲಿ ಎಚ್‌ಡಿ-28ರೊಂದಿಗೆ ಅದನ್ನು ಮತ್ತೆ ತಂದಿತು. ನಮ್ಮ ಮಳೆಗಾಲದಲ್ಲಿ ನಾನಂತೂ 12ರಿಂದ 53ರ ಲೈಟ್ ಜೋಡಿಗೆ ಇಳಿಸುತ್ತೇನೆ. ದನಿ ಸ್ವಲ್ಪ ಸೊರಗಿದರೂ ಬ್ರಿಡ್ಜ್ ಉಳಿಯುತ್ತದೆ. ಸಾಮಾನ್ಯ ತಂತಿ ಇಲ್ಲಿ ಹತ್ತು ದಿನದಲ್ಲಿ ತುಕ್ಕಿನ ವಾಸನೆ ಹೊಡೆಯುವುದರಿಂದ ಲೇಪನವಿರುವ ತಂತಿಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ. ತಂತಿ ಫ್ರೆಟ್ಟಿಗೆ ಅಂಟಿದಂತಿರಬೇಕು ಎಂಬ ತಮ್ಮ ಬರಹಗಾರರ ಮಾತು ಇಲ್ಲಿ ಸಲ್ಲದು. ಒಂದೂವರೆ ಮಿಲಿಮೀಟರ್ ದಪ್ಪದ ಪಿಕ್ಕಿನಿಂದ ಹೊಡೆದಾಗ ತಂತಿ ಬೀಸಾಗಿ ಆಡಲು ಜಾಗ ಬೇಕು: 12ನೆಯ ಫ್ರೆಟ್ಟಿನಲ್ಲಿ ದಪ್ಪ ತಂತಿಗೆ ಎರಡೂವರೆ, ತೆಳು ತಂತಿಗೆ ಎರಡು ಮಿಲಿಮೀಟರಿನಷ್ಟು.

ಕಳೆದ ಆಗಸ್ಟಿನಲ್ಲಿ ತಂಗಿಯ ಮಗಳಿಗೆ ಗಿಟಾರ್ ಆರಿಸಲು ಮಂಗಳೂರಿಗೆ ಹೋದಾಗ ನನ್ನ ಚೀಲದಲ್ಲಿ ಮ್ಯಾಂಡೊಲಿನ್, ಶ್ರುತಿ ಏರಿಸಲು ತಂತಿಗಳನ್ನು ಅಡ್ಡಲಾಗಿ ಒತ್ತಿ ಹಿಡಿಯುವ ಒಂದು ಕ್ಯಾಪೋ, ಹೆಗಲ ಪಟ್ಟಿ, ಒಂದು ಅಡಿಯ ಉಕ್ಕಿನ ಸ್ಕೇಲ್ ಮತ್ತು ಹಳೆಯದೊಂದು ವಿಸಿಟಿಂಗ್ ಕಾರ್ಡ್ ಇದ್ದವು. ಅಂಗಡಿಯ ಹುಡುಗ ಸ್ಟೂಲ್ ತಂದಿಟ್ಟ, ಬೇಡವೆಂದೆ. ಬ್ಲೂಗ್ರಾಸ್ ನುಡಿಸುವುದು ನಿಂತುಕೊಂಡು. ಕುಳಿತಾಗ ತೊಡೆಯ ಮೇಲೆ ಹಗುರವೆನಿಸಿದ ಡ್ರೆಡ್‌ನಾಟ್ ಹೆಗಲಿಗೆ ಬಿದ್ದ ಹತ್ತು ನಿಮಿಷಕ್ಕೆ ಬಲಗೈಯ ತೋಳನ್ನು ಮೇಲಕ್ಕೆ ತಳ್ಳತೊಡಗುತ್ತದೆ, ಗಿಡ್ಡ ತೋಳಿನವರಿಗೆ ಇನ್ನೂ ಕಷ್ಟ. ಅಂಥವರು ಸ್ವಲ್ಪ ಚಿಕ್ಕದಾದ ಟ್ರಿಪಲ್ ಓ ಗಾತ್ರವನ್ನು ನೋಡುವುದರಲ್ಲಿ ಅವಮಾನವೇನಿಲ್ಲ. ಹುಡುಗಿ ನಿಂತು ಜಿ, ಸಿ, ಡಿ ಕಾರ್ಡುಗಳನ್ನು ಹೊಡೆದಳು, ನಾನು ಹತ್ತು ಅಡಿ ದೂರದಲ್ಲಿ ಗೋಡೆಗೆ ಮುಖ ಮಾಡಿ ಮ್ಯಾಂಡೊಲಿನ್ ಬಾರಿಸಿದೆ. ಮೊದಲ ಗಿಟಾರ್ ನನ್ನ ಎರಡನೆಯ ಹೊಡೆತಕ್ಕೇ ಕಾಣೆಯಾಯಿತು. ಎರಡನೆಯದು ಬೀಟೆ ಬೆನ್ನಿನದು; ಒಳ್ಳೆಯ ವಾದ್ಯವೇ, ಆದರೆ ಸಣ್ಣ ಅಂಗಡಿ ತುಂಬ ಮೊಳಗಿ ಯಾವ ಸ್ವರ ಎಲ್ಲಿ ಮುಗಿಯಿತೆಂದು ತಿಳಿಯದಾಯಿತು. ಮೂರನೆಯದರಲ್ಲಿ ಅವಳ ಹೆಬ್ಬೆರಳ ಬದಿಯ ಒಂದೊಂದು ಸ್ವರವೂ ಮೊಳೆ ಹೊಡೆದಂತೆ ಬೇರೆ ಬೇರೆಯಾಗಿ ಬಂದು ಬೆನ್ನಿಗೆ ತಾಗಿತು. ಅವಳಿಗೇ ಅನುಮಾನ. "ಮಾವ, ಇದು ಆ ಎರಡನೆಯದರಷ್ಟು ಇಂಪಿಲ್ಲವಲ್ಲ?" ಎಂದಳು. ಜಾಗ ಬದಲಿಸಿ, ಅಂಗಡಿಯ ಹುಡುಗನ ಕೈಗೆ ಗಿಟಾರ್ ಕೊಟ್ಟು, ಅವಳನ್ನು ನನ್ನ ಪಕ್ಕ ನಿಲ್ಲಿಸಿದ ಮೇಲೆ ಮರುಮಾತಿಲ್ಲ.

ಬಳಿಕ ಉಳಿದ ಪರೀಕ್ಷೆ. ಸ್ಕೇಲನ್ನು ಫ್ರೆಟ್ಟುಗಳ ಮೇಲೆ ಉದ್ದಕ್ಕೆ ಮಲಗಿಸಿ ಬ್ರಿಡ್ಜಿನ ಕಡೆಗೆ ದೃಷ್ಟಿ ಹಾಯಿಸಿದರೆ ಆ ಗೆರೆ ಬ್ರಿಡ್ಜಿನ ನೆತ್ತಿಗೆ ಹೊಂದಬೇಕು. ಅದರ ಹೊಟ್ಟೆಗೆ ಹೋಗಿ ಹೊಡೆದರೆ ನೆಕ್ಕಿನ, ಎಂದರೆ ಗಿಟಾರಿನ ಕತ್ತಿನ, ಕೋನ ಕೆಟ್ಟಿದೆ ಎಂದರ್ಥ, ಅಂಥದ್ದನ್ನು ಪುಕ್ಕಟೆ ಕೊಟ್ಟರೂ ತರಬಾರದು. ವಿಸಿಟಿಂಗ್ ಕಾರ್ಡಿನ ಮೂಲೆ ಬ್ರಿಡ್ಜಿನ ಹಿಂದಿನ ಅಂಚಿನಡಿ ನುಸುಳಬಾರದು. ಕ್ಯಾಪೋವನ್ನು ಎರಡನೆಯ ಫ್ರೆಟ್ಟಿಗೂ ನಾಲ್ಕನೆಯದಕ್ಕೂ ಕಟ್ಟಿ ಜಿ ಕಾರ್ಡ್ ಹೊಡೆದಾಗ ಶ್ರುತಿ ಜಾರಬಾರದು. ಬಿಲ್ ಮನ್ರೋ ಅವರಿಗೆ ಪ್ರಿಯವಾಗಿದ್ದ ಬಿ ಶ್ರುತಿಯಲ್ಲಿ ನುಡಿಸುವಾಗ ಗಿಟಾರಿನವರು ಕ್ಯಾಪೋ ಕಟ್ಟುವುದು ಆ ನಾಲ್ಕನೆಯ ಫ್ರೆಟ್ಟಿಗೇ. ಹೊಳಪು, ಕೆತ್ತನೆ, ಬಣ್ಣ ಇವನ್ನೆಲ್ಲ ಕೊನೆಗೆ ನೋಡಿದರೆ ಸಾಕು, ನೋಡದಿದ್ದರೂ ನಡೆಯುತ್ತದೆ.

ಮಂಗಳೂರು, ಉಡುಪಿಗಳ ವಾದ್ಯದಂಗಡಿಗಳವರಲ್ಲಿ ತಮ್ಮ ಪತ್ರಿಕೆಯ ಮೂಲಕ ಎರಡು ಬಿನ್ನಹ. ಗಿಟಾರುಗಳು ತೂಗುವ ಗೋಡೆಯಲ್ಲಿ ಗಿರಾಕಿಗೆ ಕಾಣುವಂತೆ ಒಂದು ತೇವಾಂಶ ಮಾಪಕ ನೇತುಹಾಕಿ. ಮತ್ತು ಎರಡು ವಾದ್ಯ ಹಿಡಿದು ಇಬ್ಬರು ಒಟ್ಟಿಗೆ ಬಂದರೆ ಗದ್ದಲವೆನ್ನದೆ ಅರ್ಧ ಗಂಟೆ ನಿಂತು ನುಡಿಸಲು ಬಿಡಿ. ನಾವು ಹೋದ ಅಂಗಡಿಯ ಹುಡುಗ ಬಿಟ್ಟ. ಮೂರನೆಯ ಗಿಟಾರನ್ನು ಪೆಟ್ಟಿಗೆಗೆ ಇಡುವಾಗ ಆ ವಿಸಿಟಿಂಗ್ ಕಾರ್ಡನ್ನು ತಾನೇ ಇಟ್ಟುಕೊಳ್ಳಬಹುದೇ ಎಂದು ಕೇಳಿದ, ಕೊಟ್ಟು ಬಂದೆ.

ಇತಿ ತಮ್ಮ ವಿಶ್ವಾಸಿ,
ಓದುಗನೊಬ್ಬ
ಕಲ್ಯಾಣಪುರ, ಉಡುಪಿ